ಸುಣ್ಣಕಲ್ಲೋ, ಗ್ರಾನೈಟೋ? ಬೆಂಗಳೂರಿನಿಂದ ಬೆಟ್ಟಕ್ಕೆ ಹೊರಡುವ ಮುಂಚೆ

ಬಸವನಗುಡಿಯ ನಮ್ಮ ಹಳೇ ಬಾಡಿಗೆ ಮನೆಯ ಅಡುಗೆ ಕಟ್ಟೆಗೆ ಕಡಪ ಕಲ್ಲು ಹಾಕಿದ್ದರು. ಅದರ ಮೇಲೆ ನಿಂಬೆಹಣ್ಣು ಹಿಂಡಿ ಒರೆಸದೆ ಬಿಟ್ಟರೆ ಬೆಳಿಗ್ಗೆ ಹೊತ್ತಿಗೆ ಬಿಳಿ ಕಲೆ. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಬೈಗುಳ ಮಾತ್ರ ನನಗೆ. ಆಮೇಲೆ ಸ್ವಂತ ಮನೆಗೆ ಬಂದೆವು, ಗ್ರಾನೈಟ್ ಹಾಕಿಸಿದೆವು. ನಿಂಬೆ ಬೀಳಲಿ, ಹುಣಸೆಹುಳಿ ಬೀಳಲಿ, ಅದಕ್ಕೆ ಲೆಕ್ಕವೇ ಇಲ್ಲ.

ಕಡಪ ಕಲ್ಲು ಅಂದರೆ ಸುಣ್ಣಕಲ್ಲು. ಹಳೇ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಅದೇ ಜಾತಿ. ಹುಳಿ ಕಂಡರೆ ಕರಗುವುದು ಅದರ ಗುಣ. ಮಳೆ ನೀರಿನಲ್ಲೂ ಸ್ವಲ್ಪ ಹುಳಿ ಇರುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ನೀರಿಗೆ ಸೇರಿ ಹಾಗಾಗುತ್ತದೆ. ಅಡುಗೆ ಕಟ್ಟೆಯ ಮೇಲೆ ಒಂದು ರಾತ್ರಿಯಲ್ಲಿ ಆದದ್ದು ಬೆಟ್ಟದ ಮೇಲೆ ಲಕ್ಷಾಂತರ ವರ್ಷ ನಡೆಯುತ್ತದೆ. ಕಲ್ಲು ತೂತು ಬೀಳುತ್ತದೆ, ಸೀಳುತ್ತದೆ, ಒಳಗೆ ಗುಹೆಯಾಗುತ್ತದೆ, ಹೊರಗೆ ಕತ್ತಿಯಂಥ ಅಂಚು ಏಳುತ್ತದೆ. ಗ್ರಾನೈಟ್ ಹಾಗಲ್ಲ. ಅದು ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಕಳಚಿಕೊಂಡು ದುಂಡಗೆ, ನುಣ್ಣಗೆ ಉಳಿಯುತ್ತದೆ.

ಅದಕ್ಕೇ ಯಾರಾದರೂ "ಈ ಶನಿವಾರ ಯಾವ ಬೆಟ್ಟಕ್ಕೆ ಹೋಗೋಣ?" ಅಂತ ಕೇಳಿದರೆ ನಾನು ದೂರ ಎಷ್ಟು, ಎತ್ತರ ಎಷ್ಟು ಅಂತ ಶುರು ಮಾಡುವುದಿಲ್ಲ. ಯಾವ ಕಲ್ಲು ಬೇಕು ಅಂತ ಕೇಳುತ್ತೇನೆ. ಮೊದಮೊದಲು ಜನ ನಗುತ್ತಾರೆ. ಒಂದು ಸಲ ಮಾಗಡಿ ಹತ್ತಿರದ ಸಾವನದುರ್ಗದ ಇಳಿಜಾರಿನಲ್ಲಿ ಕೂತುಕೊಂಡೇ ಜಾರುತ್ತಾ ಇಳಿದ ಮೇಲೆ ನಗುವುದಿಲ್ಲ.

ಎತ್ತರದ ಲೆಕ್ಕ ನಂಬಬೇಡಿ

ಬೆಂಗಳೂರೇ ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ಸಾವನದುರ್ಗ 1226 ಮೀಟರ್, ನಂದಿಬೆಟ್ಟ 1478 ಮೀಟರ್. ಅಂದರೆ ಮನೆಯ ಮಹಡಿಗಿಂತ ನಂದಿಬೆಟ್ಟದ ತುದಿ ಸುಮಾರು ಐನೂರೈವತ್ತು ಮೀಟರ್ ಎತ್ತರ, ಅಷ್ಟೇ. ಎತ್ತರ ನೋಡಿದರೆ ಸಾವನದುರ್ಗ ನಂದಿಗಿಂತ ಸುಲಭ ಅನ್ನಿಸಬೇಕು. ಆದರೆ ನಂದಿಗೆ ಕಾರು ಹತ್ತುತ್ತದೆ, ಸಾವನದುರ್ಗಕ್ಕೆ ಕೈಕಾಲು ನಾಲ್ಕೂ ಬೇಕು. ನಮ್ಮ ಸುತ್ತ ಇರುವ ಬೆಟ್ಟಗಳೆಲ್ಲ ತಗ್ಗು ಬೆಟ್ಟಗಳೇ. ಕಷ್ಟ ಇರುವುದು ಎತ್ತರದಲ್ಲಲ್ಲ, ಕಲ್ಲಿನ ಮೈಯಲ್ಲಿ ಮತ್ತು ಬಿಸಿಲಿನಲ್ಲಿ.

ಈ ಬಿಸಿಲಿನ ಮಾತನ್ನು ಒತ್ತಿ ಹೇಳುತ್ತೇನೆ. ಬೋಳು ಬಂಡೆ ಹತ್ತು ಗಂಟೆ ಹೊತ್ತಿಗೆ ದೋಸೆ ಹೆಂಚು. ಮರ ಇಲ್ಲ, ನೆರಳಿಲ್ಲ. ಅಕ್ಟೋಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಬಂದರೆ ಬೆಳಗಿನ ಜಾವ ಹೊರಟು ಒಂಬತ್ತಕ್ಕೆಲ್ಲ ಇಳಿದುಬಿಡಬೇಕು.

ಹತ್ತಿರದ ಗ್ರಾನೈಟ್: ನಡೆಯುವವರಿಗೆ

ರಾಮನಗರ, ಮಾಗಡಿ ಕಡೆಯ ಬಂಡೆಗಳಿಗೆ ಭೂವಿಜ್ಞಾನದವರು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನಿಂದ ರಾಮನಗರಕ್ಕೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಊರಿನ ಹೆಸರು ಬದಲಾಯಿತು, ಕಲ್ಲಿನ ಹೆಸರು ಹಾಗೇ ಉಳಿಯಿತು. ವಯಸ್ಸು ಸುಮಾರು 250 ಕೋಟಿ ವರ್ಷ.

ಮನೆಯವರನ್ನೆಲ್ಲ ಕರೆದುಕೊಂಡು ಹೋಗುವುದಾದರೆ ಶಿವಗಂಗೆ. ದಾಬಸ್‌ಪೇಟೆ ಹತ್ತಿರ, ತುಮಕೂರು ರಸ್ತೆಯಲ್ಲಿ. ಮೆಟ್ಟಿಲಿದೆ, ಕಡಿದಾದ ಕಡೆ ಹಿಡಿಯಲು ಕಂಬಿಯಿದೆ, ದಾರಿಯಲ್ಲಿ ಮಜ್ಜಿಗೆ, ಸೌತೆಕಾಯಿ ಮಾರುವವರಿದ್ದಾರೆ. ಗಂಗಾಧರೇಶ್ವರನ ಗುಡಿ, ಒಳಕಲ್ಲು ತೀರ್ಥ, ಮೇಲೆ ಬಂಡೆಯಂಚಿನ ನಂದಿ. ಮೆಟ್ಟಿಲು ಅಂತ ಹಗುರವಾಗಿ ನೋಡಬೇಡಿ. ಕೊನೆಯ ಭಾಗ ಏಣಿಯ ಹಾಗೆ ಏರುತ್ತದೆ, ನಮ್ಮ ಚಿಕ್ಕಮ್ಮ ಒಳಕಲ್ಲು ತೀರ್ಥದಲ್ಲೇ "ನನಗಿಷ್ಟು ಸಾಕು" ಅಂದರು, ಅದು ಸರಿಯೇ. ಮಂಗಗಳು ಚೀಲಕ್ಕೆ ಕೈ ಹಾಕುತ್ತವೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ದರೆ ಅದು ನಿಮ್ಮದಲ್ಲ ಅಂದುಕೊಳ್ಳಿ.

ಮೊದಲ ಸಲ ಟ್ರೆಕ್ ಮಾಡುವ ಆಫೀಸಿನ ಗುಂಪಿಗೆ ಸ್ಕಂದಗಿರಿ, ಅಂದರೆ ಚಿಕ್ಕಬಳ್ಳಾಪುರದ ಕಳವಾರ ಬೆಟ್ಟ. ಸುಮಾರು 1450 ಮೀಟರ್. ಮೋಡದ ಮೇಲೆ ನಿಂತ ಫೋಟೊ ನೋಡಿ ಜನ ಹೋಗುತ್ತಾರೆ. ಮೋಡ ಸಿಗುವುದು ಅದೃಷ್ಟ. ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು, ವಾರಾಂತ್ಯದ ಬೆಳಗಿನ ಟಿಕೆಟ್ ಬೇಗ ಖಾಲಿ. ದಾರಿ ಸ್ಪಷ್ಟವಾಗಿದೆ, ತಪ್ಪಿಸಿಕೊಳ್ಳುವುದು ಕಷ್ಟ. ಅದೇ ಅದರ ಕೊರತೆ ಕೂಡ. ಮುಂದೆ ಹೋಗುವವರ ಬೆನ್ನು ನೋಡುತ್ತಾ ಹತ್ತಬೇಕು. ಜನ ಬೇಡ ಅನ್ನುವವರಿಗೆ ಘಾಟಿ ಸುಬ್ರಹ್ಮಣ್ಯದ ಹತ್ತಿರದ ಮಾಕಳಿದುರ್ಗ ವಾಸಿ. ಕೆಳಗೆ ರೈಲ್ವೆ ಸ್ಟೇಷನ್, ಮೇಲೆ ಹಾಳುಬಿದ್ದ ಕೋಟೆ. ಆದರೆ ಹಳಿಯ ಮೇಲೆ ನಡೆದು ಫೋಟೊ ತೆಗೆಯುವ ಚಪಲ ಬೇಡ, ಅದು ರೈಲು ಓಡಾಡುವ ಹಳಿ.

ಕೋಲಾರದ ಅಂತರಗಂಗೆ ಬೇರೆಯೇ ರೀತಿ. ಅಲ್ಲಿ ಬಂಡೆಗಳು ಒಂದರ ಮೇಲೊಂದು ಉರುಳಿ ಬಿದ್ದಿವೆ, ನಡುವಿನ ಸಂದುಗಳಲ್ಲಿ ತೂರಿ ಹೋಗಬೇಕು. ಎಲ್ಲರೂ ಗುಹೆ ಅನ್ನುತ್ತಾರೆ. ನಿಜವಾಗಿ ಅದು ಕಲ್ಲಿನ ರಾಶಿಯ ನಡುವಿನ ಜಾಗ, ಕರಗಿ ಆದ ಗುಹೆಯಲ್ಲ. ಮಕ್ಕಳಿಗಂತೂ ಇದರಷ್ಟು ಖುಷಿ ಬೇರೆ ಯಾವ ಬೆಟ್ಟದಲ್ಲೂ ಇಲ್ಲ. ಹೊಟ್ಟೆ ಮುಂದಿರುವವರು ಒಂದೆರಡು ಸಂದುಗಳಲ್ಲಿ ಯೋಚನೆ ಮಾಡಬೇಕಾಗುತ್ತದೆ. ನಾನು ಮಾಡಿದ್ದೇನೆ.

ಇನ್ನು ಸಾವನದುರ್ಗ. ಕರಿಗುಡ್ಡ, ಬಿಳಿಗುಡ್ಡ ಅಂತ ಎರಡು. ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಈ ದುರ್ಗವನ್ನು ಕಿತ್ತುಕೊಂಡಿತು. ಫಿರಂಗಿ ಹೊತ್ತುಕೊಂಡು ಆ ಕಾಡಿನಲ್ಲಿ ಹೇಗೆ ಬಂದರೋ ಅಂತ ಪ್ರತಿ ಸಲ ಹೋದಾಗಲೂ ಯೋಚಿಸುತ್ತೇನೆ. ಕೆಳಗೆ ವೀರಭದ್ರ, ನರಸಿಂಹ ಇಬ್ಬರ ಗುಡಿಗಳಿವೆ. ನಡೆಯುವ ದಾರಿ ಬಂಡೆಯ ಮೇಲೇ ಹೋಗುತ್ತದೆ. ಹತ್ತುವಾಗ ಎದುರಿಗೆ ಕಲ್ಲು ಮಾತ್ರ ಕಾಣುತ್ತದೆ, ಹೆದರಿಕೆಯಿಲ್ಲ. ಇಳಿಯುವಾಗ ಮಂಚನಬೆಲೆ ಜಲಾಶಯದವರೆಗೂ ಕಾಣುತ್ತದೆ, ಆಗ ಮೊಣಕಾಲು ನಡುಗುತ್ತದೆ.

ಇಲ್ಲಿ ನನ್ನದೊಂದು ಕಹಿ ಅನುಭವ ಹೇಳಲೇಬೇಕು. ಕೆಲವು ವರ್ಷಗಳ ಹಿಂದೆ ಒಂದು ವೀಕೆಂಡ್ ಟ್ರೆಕ್ ತಂಡದವರ ಜೊತೆ ದುಡ್ಡು ಕೊಟ್ಟು ಹೋಗಿದ್ದೆ. ಹೆಸರು ಬೇಡ. "ತುಂಬಾ ಸುಲಭ ಸರ್" ಅಂದಿದ್ದರು. ಹಿಂದಿನ ರಾತ್ರಿ ಮಳೆ ಬಂದಿತ್ತು. ಒಣಗಿದಾಗ ಪಾದಕ್ಕೆ ಅಂಟುವ ಅದೇ ಬಂಡೆ ಒದ್ದೆಯಾದರೆ ಪಾಚಿಯಿಂದ ಸಾಬೂನಿನ ಹಾಗಾಗುತ್ತದೆ. ನಮ್ಮ ಗುಂಪಿನ ಒಬ್ಬ ಹುಡುಗಿ ಜಾರಿ ಇಪ್ಪತ್ತು ಅಡಿ ಕೆಳಗಿನ ಪೊದೆಯಲ್ಲಿ ನಿಂತಳು. ಮೊಣಕೈ ಪೂರ್ತಿ ತರಚಿತ್ತು, ಪುಣ್ಯಕ್ಕೆ ಅಷ್ಟೇ. ತಂಡದವರ ಹತ್ತಿರ ಬ್ಯಾಂಡೇಜ್ ಕೂಡ ಇರಲಿಲ್ಲ. ಅವತ್ತಿನಿಂದ ಮಳೆ ಬಂದ ಮರುದಿನ ಸಾವನದುರ್ಗ ಅಂದರೆ ನಾನು ಇಲ್ಲ.

ಮಧುಗಿರಿಯನ್ನೂ ಜೊತೆಗೆ ಇಟ್ಟು ನೋಡುವವರಿದ್ದಾರೆ. ಅದೂ ಒಂದೇ ಬಂಡೆಯ ಬೆಟ್ಟ, ಅದೂ ಕೋಟೆ. ಬಂಡೆಯಲ್ಲೇ ಮೆಟ್ಟಿಲು ಕೊರೆದಿದ್ದಾರೆ, ಕೆಲವು ಕಡೆ ಕಂಬಿಯಿದೆ. ಕೋಟೆ ನೋಡಬೇಕೆಂದರೆ ಮಧುಗಿರಿ, ಬಂಡೆಯ ಮೇಲೆ ನಡೆಯಬೇಕೆಂದರೆ ಸಾವನದುರ್ಗ.

ಹಗ್ಗ ಕಟ್ಟಿ ಹತ್ತುವವರಿಗೆ

ಈಗ ಊರಿನಲ್ಲಿ ಕೃತಕ ಗೋಡೆಗಳು ಹಲವಾಗಿವೆ. ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಗಳು, ಕೆಳಗೆ ದಪ್ಪ ಹಾಸಿಗೆ. ಅಲ್ಲಿ ಆರು ತಿಂಗಳು ಕಲಿತವರು ಸಾವನದುರ್ಗಕ್ಕೆ ಬಂದು ಬೆಪ್ಪಾಗುವುದನ್ನು ನೋಡಿದ್ದೇನೆ. ಹಿಡಿ ಹುಡುಕುತ್ತಾರೆ, ಹಿಡಿಯೇ ಇಲ್ಲ! ಗ್ರಾನೈಟ್ ಸ್ಲ್ಯಾಬ್‌ನಲ್ಲಿ, ಅಂದರೆ ನುಣ್ಣನೆಯ ಇಳಿಜಾರು ಬಂಡೆಯಲ್ಲಿ, ಕೈಗೆ ಕೆಲಸ ಕಡಿಮೆ, ಎಲ್ಲ ಕಾಲಿನ ಮೇಲೆ. ಹಿಮ್ಮಡಿ ಕೆಳಗಿಳಿಸಿ, ಶೂನ ರಬ್ಬರನ್ನು ಬಂಡೆಗೆ ಒತ್ತಿ, ಸೊಂಟವನ್ನು ಬಂಡೆಯಿಂದ ದೂರ ಇಡಬೇಕು. ಹೆದರಿ ಬಂಡೆಯನ್ನು ತಬ್ಬಿಕೊಂಡರೆ ತೂಕ ಪಾದದಿಂದ ತಪ್ಪಿ ಜಾರುತ್ತೀರಿ. ಅಲ್ಲಿನ ಉದ್ದ ರೂಟ್‌ಗಳಲ್ಲಿ, ಅಂದರೆ ಹತ್ತುವ ದಾರಿಗಳಲ್ಲಿ, ಹಗ್ಗ ಸಿಕ್ಕಿಸಲು ಬಂಡೆಗೆ ಹೊಡೆದ ಬೋಲ್ಟ್‌ಗಳು ದೂರ ದೂರ ಇವೆ. ಬಿದ್ದರೆ ಗಾಳಿಯಲ್ಲಿ ಬೀಳುವುದಿಲ್ಲ, ಬಂಡೆಯ ಮೇಲೆ ಉಜ್ಜಿಕೊಂಡು ಜಾರುತ್ತೀರಿ. ಅಲ್ಲಿ 'ಬೆಳದಿಂಗಳು' ಅಂತ ಹಲವು ಪಿಚ್‌ಗಳ, ಅಂದರೆ ಹಗ್ಗದುದ್ದದ ಹಂತಗಳ, ಒಂದು ಹೆಸರಾಂತ ರೂಟ್ ಇದೆ. ಹೆಸರು ಚೆಂದ ಅಂತ ಮೊದಲ ವರ್ಷವೇ ಕೈ ಹಾಕಬೇಡಿ.

ಹೊಸಬರಿಗೆ ರಾಮನಗರ ಮೇಲು. ಮೈಸೂರು ರೈಲಿನಲ್ಲಿ ಹೋಗಿ ಇಳಿಯಬಹುದು. ಸಣ್ಣ ಬಂಡೆಗಳಿವೆ, ಒಂದೇ ಪಿಚ್‌ನ ರೂಟ್‌ಗಳಿವೆ, ಮೇಲಿನಿಂದ ಹಗ್ಗ ಹಾಕಿಕೊಂಡು ಕಲಿಯಬಹುದು. ಬಿರುಕುಗಳೂ ಇವೆ, ಹಾಗಾಗಿ ಕೈಗೂ ಏನಾದರೂ ಸಿಗುತ್ತದೆ. ಆದರೆ ರಾಮದೇವರ ಬೆಟ್ಟದ ವಿಷಯ ಬೇರೆ. 2012ರಲ್ಲಿ ಅದು ರಣಹದ್ದು ಧಾಮವಾಯಿತು. ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದು ಇಂಥ ಕಡಿದಾದ ಬಂಡೆಯ ಸಂದುಗಳಲ್ಲೇ, ಅದೂ ನಾವು ಹತ್ತಲು ಇಷ್ಟಪಡುವ ಚಳಿಗಾಲದಲ್ಲೇ. ಹಾಗಾಗಿ ಅಲ್ಲಿ ಗುಡಿಗೆ ಹೋಗಿ, ಹದ್ದು ಕಂಡರೆ ನೋಡಿ, ಬನ್ನಿ. ಹತ್ತುವುದಕ್ಕೆ ಬೇರೆ ಬಂಡೆಗಳಿಗೆ ಬರವಿಲ್ಲ.

ಹೆಜ್ಜೇನು. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಕಡಿದಾದ ಬಂಡೆಯ ಕೆಳಗೆ ಕಪ್ಪು ಹಲಗೆಯ ಹಾಗೆ ನೇತಾಡುತ್ತಿರುತ್ತದೆ. ಸೆಂಟು ಹಾಕಿಕೊಂಡು ಹೋಗಬೇಡಿ, ಬೆಂಕಿ ಹಚ್ಚಬೇಡಿ, ಕೂಗಾಡಬೇಡಿ. ಹಗ್ಗದಲ್ಲಿ ನೇತಾಡುವವನಿಗೆ ಓಡಲು ಜಾಗವಿರುವುದಿಲ್ಲ ಅಲ್ವಾ? ಹೆಜ್ಜೇನು ಎಲ್ಲಿ ಕಟ್ಟಿದೆ ಅಂತ ಕೆಳಗಿನ ಊರಿನ ದನ ಮೇಯಿಸುವವರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಸುಣ್ಣಕಲ್ಲು ಬೇಕೇ ಬೇಕು ಅಂದರೆ

ಬೆಂಗಳೂರಿನ ಸುತ್ತ ನೂರು ಕಿಲೋಮೀಟರ್‌ನಲ್ಲಿ ಸುಣ್ಣಕಲ್ಲಿನ ಬೆಟ್ಟ ಹುಡುಕಬೇಡಿ. ರಜೆ ಹಾಕಬೇಕು.

ಮೊದಲನೆಯದು ಯಾಣ. ಉತ್ತರ ಕನ್ನಡದ ಕುಮಟಾ ತಾಲ್ಲೂಕು, ಬೆಂಗಳೂರಿನಿಂದ ನಾನೂರೈವತ್ತು ಕಿಲೋಮೀಟರ್ ಸುಮಾರು. ರಾತ್ರಿ ಬಸ್ಸಿನಲ್ಲಿ ಶಿರಸಿಗೋ ಕುಮಟಾಕ್ಕೋ ಹೋಗಿ ಅಲ್ಲಿಂದ ಗಾಡಿ ಮಾಡಿಕೊಳ್ಳಬಹುದು. ಕಾಡಿನ ನಡುವೆ ಕಪ್ಪು ಸುಣ್ಣಕಲ್ಲಿನ ಎರಡು ದೈತ್ಯ ಶಿಖರಗಳು: ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಕಲ್ಲು ಕಪ್ಪು ಅಂತ ಸ್ಥಳದ ಕಥೆ. ಭೈರವೇಶ್ವರ ಶಿಖರದ ಸೀಳಿನೊಳಗೆ ನಡೆದುಕೊಂಡು ಹೋಗಬಹುದು. ಒಳಗೆ ನಿಂತು ತಲೆಯೆತ್ತಿದರೆ ಒಂದು ಪಟ್ಟಿ ಆಕಾಶ, ಸುತ್ತ ನೀರು ತೊಟ್ಟಿಕ್ಕುವ ಸದ್ದು. ಗ್ರಾನೈಟ್ ಬೆಟ್ಟದಲ್ಲಿ ನೀವು ಬಂಡೆಯ ಮೇಲಿರುತ್ತೀರಿ. ಇಲ್ಲಿ ಬಂಡೆಯ ಒಳಗಿರುತ್ತೀರಿ. ಇಷ್ಟು ಹೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ ಅಂದುಕೊಂಡಿದ್ದೇನೆ.

"ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತ ಆ ಕಡೆ ಗಾದೆ. ಹಿಂದೆ ದಟ್ಟ ಕಾಡಿನಲ್ಲಿ ಮೈಲಿಗಟ್ಟಲೆ ನಡೆಯಬೇಕಿತ್ತು, ಮೈಯಲ್ಲಿ ಸೊಕ್ಕು ಇದ್ದವರೇ ಬೇಕಿತ್ತು. ಈಗ ರಸ್ತೆ ಹತ್ತಿರದವರೆಗೆ ಬಂದಿದೆ, ಕೊನೆಗೆ ಸ್ವಲ್ಪ ನಡಿಗೆ, ಮೆಟ್ಟಿಲು. ಅಷ್ಟು ದೂರ ಪ್ರಯಾಣ ಮಾಡಿ ಇಷ್ಟೇ ನಡಿಗೆಯಾ ಅಂತ ಬೇಜಾರಾಗುವವರು ವಿಭೂತಿ ಜಲಪಾತವನ್ನೂ ಸೇರಿಸಿಕೊಳ್ಳಿ. ಶಿಖರ ಹತ್ತುವ ಆಸೆ ಬೇಡ. ಅದು ದೇವರ ಜಾಗ, ಜೊತೆಗೆ ಆ ಕಲ್ಲಿನ ಅಂಚುಗಳು ಚೂರಿ. ಶಿವರಾತ್ರಿಗೆ ಜಾತ್ರೆ, ಜನಸಾಗರ. ಮಳೆಗಾಲದಲ್ಲಿ ಉಂಬಳ. ನವೆಂಬರ್, ಡಿಸೆಂಬರ್ ಅಂದರೆ ಕಾಡು ಹಸಿರಾಗಿಯೇ ಇರುತ್ತದೆ, ದಾರಿ ಒಣಗಿರುತ್ತದೆ.

ಎರಡನೆಯದು ಬೇಲಂ ಗುಹೆ, ಆಂಧ್ರದ ನಂದ್ಯಾಲ ಜಿಲ್ಲೆಯಲ್ಲಿ. ಬೆಟ್ಟ ಹತ್ತುವುದಲ್ಲ, ನೆಲದೊಳಗೆ ಇಳಿಯುವುದು. ಸುತ್ತಲೂ ಚಪ್ಪಟೆ ಹೊಲ. ಕಾರು ನಿಲ್ಲಿಸಿದಾಗ ಇಲ್ಲೇನಿದೆ ಅನ್ನಿಸುತ್ತದೆ. ಬಾವಿಯಂಥ ಗುಂಡಿಯ ಮೆಟ್ಟಿಲಿಳಿದರೆ ಕೆಳಗೆ ಬೇರೆ ಲೋಕ. ಅಳತೆ ಮಾಡಿದ ಉದ್ದ 3229 ಮೀಟರ್. ಅತಿ ಆಳದ ಜಾಗಕ್ಕೆ ಪಾತಾಳಗಂಗೆ ಅಂತ ಹೆಸರು, ನೆಲಮಟ್ಟದಿಂದ 46 ಮೀಟರ್ ಕೆಳಗೆ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಗುಹೆಯ ಬಗ್ಗೆ ಬರೆದರು. ಮುಂದೆ 1982-83ರಲ್ಲಿ ಡೇನಿಯಲ್ ಗೆಬೌರ್ ನೇತೃತ್ವದ ಜರ್ಮನ್ ತಂಡ ಬಂದು ಪೂರ್ತಿ ಅಳೆಯಿತು. ಪ್ರವಾಸಿಗರಿಗೆ ತೆರೆದದ್ದು 2002ರಲ್ಲಿ.

ಗುಹೆ ಅಂದರೆ ತಂಪು ಅಂದುಕೊಂಡು ಸ್ವೆಟರ್ ತಂದವರನ್ನು ನೋಡಿದ್ದೇನೆ. ಒಳಗೆ ಬೆವರು ಹರಿಯುತ್ತದೆ, ಸೆಖೆ ಜಾಸ್ತಿ. ತೆಳು ಹತ್ತಿ ಬಟ್ಟೆ ಸಾಕು. ಇಕ್ಕಟ್ಟು ಜಾಗ ಆಗದವರು, ಉಸಿರಾಟದ ತೊಂದರೆ ಇರುವವರು ಯೋಚಿಸಿ ಇಳಿಯಿರಿ. ದೀಪ ಹಾಕಿದ್ದಾರೆ, ನಡೆಯಲು ದಾರಿ ಮಾಡಿದ್ದಾರೆ, ಹಾಗಾಗಿ ಹೆದರಿಕೆ ಏನಿಲ್ಲ.

ಬೇಲಂಗೆ ಹೋದವರು ಗಂಡಿಕೋಟವನ್ನೂ ಸೇರಿಸಿಕೊಳ್ಳುತ್ತಾರೆ, ಸೇರಿಸಿಕೊಳ್ಳಬೇಕು ಕೂಡ. ಅಲ್ಲಿನ ಕೆಂಪು ಕಮರಿ ಸುಣ್ಣಕಲ್ಲಿನದಲ್ಲ, ಕ್ವಾರ್ಟ್ಜೈಟ್. ಕರಗುವ ಕಲ್ಲಲ್ಲ ಅದು. ಪೆನ್ನಾ ನದಿ ಕೊರೆದು ಕೊರೆದು ಮಾಡಿದ್ದು. ಆ ಪೆನ್ನಾ ಅಂದರೆ ನಮ್ಮ ಉತ್ತರ ಪಿನಾಕಿನಿಯೇ, ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವವಳು. ನಂದಿಯಲ್ಲಿ ಹುಟ್ಟಿದ್ದು ಕಾಣುವುದೇ ಇಲ್ಲ, ಗಂಡಿಕೋಟದಲ್ಲಿ ನೋಡಿದರೆ ಬೆಟ್ಟವನ್ನೇ ಸೀಳಿದ್ದಾಳೆ.

ಯಾಣ, ಬೇಲಂ ಎರಡರಲ್ಲಿ ಒಂದು ಅಂದರೆ? ವಯಸ್ಸಾದವರು ಜೊತೆಗಿದ್ದರೆ ಯಾಣ. ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಬೇಲಂ. ಕಾರು ಓಡಿಸುವವನು ಒಬ್ಬನೇ ಆಗಿದ್ದರೆ ಕಣ್ಣು ಮುಚ್ಚಿಕೊಂಡು ಬೇಲಂ, ದೂರ ಕಡಿಮೆ.

ಇನ್ನು ಸುಣ್ಣಕಲ್ಲಿನ ಮೇಲೆ ಹಗ್ಗ ಕಟ್ಟಿ ಹತ್ತಲೇಬೇಕು ಅನ್ನುವವರು. ನಮ್ಮ ಕ್ಲೈಂಬಿಂಗ್ ಗೆಳೆಯರು ಹೋಗುವುದು ಥಾಯ್ಲೆಂಡಿನ ಕ್ರಾಬಿಗೆ, ಅಲ್ಲಿಂದ ರೈಲೇ ಎಂಬ ಕಡಲತೀರಕ್ಕೆ. ಅದು ದ್ವೀಪವಲ್ಲ, ಆದರೂ ದೋಣಿಯಲ್ಲೇ ಹೋಗಬೇಕು, ಹಿಂದಿನ ಸುಣ್ಣಕಲ್ಲಿನ ಗುಡ್ಡಗಳು ರಸ್ತೆಗೆ ಜಾಗ ಬಿಟ್ಟಿಲ್ಲ. ಗುಡ್ಡಗಳೇನೂ ಭಾರೀ ಎತ್ತರವಿಲ್ಲ, ಆದರೆ ಗೋಡೆಯ ಹಾಗೆ ನೆಟ್ಟಗೆ, ಕೆಲವು ಕಡೆ ತಲೆಯ ಮೇಲೆ ಬಾಗಿಕೊಂಡಿವೆ. ಸುಣ್ಣ ಕರಗಿ ಇಳಿದು ಗಟ್ಟಿಯಾದ ಕಂಬಗಳನ್ನು ತೋಳಿನಲ್ಲಿ ತಬ್ಬಿ, ತೂತುಗಳಿಗೆ ಬೆರಳು ಹಾಕಿ ಹತ್ತುವುದು. ಊರಿನ ಕೃತಕ ಗೋಡೆಯ ಅಭ್ಯಾಸ ಕೆಲಸಕ್ಕೆ ಬರುವುದು ಇಲ್ಲಿ. ಸಾವನದುರ್ಗದಲ್ಲಿ ಕಲಿತವರಿಗೆ ಕಾಲು ಗಟ್ಟಿ, ತೋಳು ಸೋಲುತ್ತದೆ. ಎರಡು ವಿಷಯ ನೆನಪಿಡಿ. ಜಾಸ್ತಿ ಜನ ಹತ್ತಿದ ಸುಲಭದ ರೂಟ್‌ಗಳಲ್ಲಿ ಕಲ್ಲು ಸವೆದು ಗಾಜಿನ ಹಾಗಾಗಿರುತ್ತದೆ, ಸುಣ್ಣಕಲ್ಲು ಮೆತ್ತಗಿನದು. ಮತ್ತೆ, ಸಮುದ್ರದ ಗಾಳಿಗೆ ಸ್ಟೀಲ್ ಬೋಲ್ಟ್ ಒಳಗಿಂದಲೇ ಹಾಳಾಗುತ್ತದೆ, ಹೊರಗೆ ಗೊತ್ತಾಗದೆ ಇರಬಹುದು. ಅಲ್ಲಿ ಟೈಟಾನಿಯಂ ಬೋಲ್ಟ್ ಹಾಕಿದ ರೂಟ್‌ಗಳನ್ನೇ ಆರಿಸಿ.

ಅಷ್ಟು ದೂರ, ಅಷ್ಟು ಖರ್ಚು ಯಾಕೆ ಅನ್ನುವವರಿಗೆ ಬಾದಾಮಿ ಇದೆ. ಸುಣ್ಣಕಲ್ಲಲ್ಲ, ಕೆಂಪು ಮರಳುಗಲ್ಲು. ಆದರೆ ಬೆರಳಿಗೆ ಹಿಡಿ ಸಿಗುತ್ತದೆ, ಗೋಡೆ ನೆಟ್ಟಗಿದೆ, ಬೋಲ್ಟ್ ಹಾಕಿದ ರೂಟ್‌ಗಳಿವೆ. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಮಲಗಿದರೆ ಬೆಳಿಗ್ಗೆ ಅಲ್ಲಿ. ಮಧ್ಯಾಹ್ನದ ಬಿಸಿಲಿಗೆ ಚಾಲುಕ್ಯರ ಗುಹೆಗಳಲ್ಲಿ ಕೂತಿರಬಹುದು, ಖಾನಾವಳಿಯಲ್ಲಿ ಜೋಳದ ರೊಟ್ಟಿ. ನನ್ನನ್ನು ಕೇಳಿದರೆ ಮೊದಲು ಬಾದಾಮಿ, ಆಮೇಲೆ ಕ್ರಾಬಿ. ಮರಳುಗಲ್ಲಿಗೂ ಮಳೆ ಬಂದರೆ ಒಣಗಲು ಬಿಡಬೇಕು, ಒದ್ದೆ ಇದ್ದಾಗ ಹಿಡಿಗಳು ಮುರಿಯುತ್ತವೆ.

ಚೀಲದ ವಿಷಯ

ಗ್ರಾನೈಟ್ ಬೆಟ್ಟಕ್ಕೆ ಶೂನ ಅಡಿ ಮುಖ್ಯ. ಸವೆದ ಜಾಗಿಂಗ್ ಶೂ ಬೇಡ, ಗಟ್ಟಿ ಪ್ಲಾಸ್ಟಿಕ್ ಅಡಿಯ ಶೂ ಅದಕ್ಕಿಂತ ಬೇಡ. ಮೆತ್ತಗಿನ ರಬ್ಬರ್ ಬೇಕು. ಇಳಿಯುವಾಗ ನೇರ ಇಳಿಯದೆ ಅಡ್ಡಡ್ಡ ಹೆಜ್ಜೆ ಹಾಕಿ. ಒಬ್ಬರಿಗೆ ಎರಡು ಲೀಟರ್ ನೀರು ಕಡಿಮೆಯೇ.

ಸುಣ್ಣಕಲ್ಲಿನ ಜಾಗಕ್ಕೆ ಉದ್ದ ಪ್ಯಾಂಟು, ಕಲ್ಲಿನ ಅಂಚಿಗೆ ಮಂಡಿ ತಾಗಿದರೆ ಗ್ರಾನೈಟಿನ ಹಾಗೆ ತರಚುವುದಿಲ್ಲ, ಕೊಯ್ಯುತ್ತದೆ. ಸುಣ್ಣಕಲ್ಲಿನ ಗುಡ್ಡದ ಮೇಲೆ ಹಳ್ಳ ತೊರೆ ನಂಬಿಕೊಳ್ಳಬೇಡಿ, ನೀರೆಲ್ಲ ಬಿರುಕಿನಲ್ಲಿ ಇಳಿದು ಕೆಳಗೆ ಹರಿಯುತ್ತದೆ. ಟಾರ್ಚ್ ಇರಲಿ. ಮೊಬೈಲ್ ಟಾರ್ಚ್ ಹಿಡಿದರೆ ಒಂದು ಕೈ ಹೋಯಿತು.

ನಿಂಬೆಹಣ್ಣೂ ಇರಲಿ. ಶರಬತ್ತಿಗೆ ಅಂತ ಬೇಲಂಗೆ ತಂದಿದ್ದ ನಿಂಬೆಯನ್ನು ನನ್ನ ಅಕ್ಕನ ಮಗಳು ಹೊರಗಡೆ ರಸ್ತೆ ಬದಿಯ ಒಂದು ಕಲ್ಲಿನ ಚೂರಿನ ಮೇಲೆ ಹಿಂಡಿದಳು. ಏನೂ ಆಗಲಿಲ್ಲ. "ಮಾಮ, ನೀನು ಸುಮ್ನೆ ಹೇಳ್ತೀಯ" ಅಂದಳು. ಇನ್ನೊಂದು ಕಲ್ಲಿನಿಂದ ಅದನ್ನು ಕೆರೆದು ಸ್ವಲ್ಪ ಪುಡಿ ಮಾಡಿಸಿದೆ. ಮತ್ತೆ ಹಿಂಡಿದಳು. ಬಗ್ಗಿ ನೋಡಿದರೆ ಸಣ್ಣ ಸಣ್ಣ ಗುಳ್ಳೆ. ಆಮೇಲೆ ದಾರಿಯುದ್ದಕ್ಕೂ ಕಾರು ನಿಲ್ಲಿಸು ಅಂತ ಒಂದೇ ಹಟ, ಗಂಡಿಕೋಟ ತಲುಪುವ ಹೊತ್ತಿಗೆ ಶರಬತ್ತಿಗೆ ಒಂದು ನಿಂಬೆಯೂ ಉಳಿದಿರಲಿಲ್ಲ.